ಯಾವ ಕೃಷ್ಣರಾಜರು?

ಮೈಸೂರಿನ ಹಳೆಯ ಮಂದಿ ‘ನಾಲ್ವಡಿಯವರ ಕಾಲದಲ್ಲಿ’ ಎಂದು ಮಾತು ತೆಗೆದರೆ ಯಾರ ಕಾಲ ಎಂದು ಯಾರೂ ಕೇಳುವುದಿಲ್ಲ. ನಾಲ್ವಡಿ ಎಂದರೆ ನಾಲ್ಕು ಮಡಿ, ನಾಲ್ಕು ಪಟ್ಟು. ಅದು ಲೆಕ್ಕದ ಮಾತು, ಹೆಸರಲ್ಲ. ಆದರೂ 1884ರಲ್ಲಿ ಹುಟ್ಟಿ 1940ರಲ್ಲಿ ತೀರಿಕೊಂಡ ಕೃಷ್ಣರಾಜ ಒಡೆಯರಿಗೆ ಜನರ ಬಾಯಲ್ಲಿ ಅಂಟಿಕೊಂಡದ್ದು ಆ ಲೆಕ್ಕವೇ. ಅವರ ಸ್ವಂತ ಹೆಸರನ್ನು ಕನ್ನಂಬಾಡಿ ಕಟ್ಟೆ ಕೃಷ್ಣರಾಜ ಸಾಗರವಾಗಿ ಇಟ್ಟುಕೊಂಡಿದೆ.

ನಾಲ್ವಡಿಯವರಿಗೆ ಮುಂಚೆ ಮೈಸೂರು ಗಾದಿಯಲ್ಲಿ ಇನ್ನೂ ಮೂವರು ಕೃಷ್ಣರಾಜರು ಕೂತಿದ್ದರು. 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟವೇರಿ 1868ರವರೆಗೆ ಬಾಳಿದವರು ಮುಮ್ಮಡಿ. ಅವರಿಗಿಂತ ಹಿಂದೆ, ಹೈದರಾಲಿ ತಲೆಯೆತ್ತಿದ ಕಾಲದಲ್ಲಿ ಹೆಸರಿಗಷ್ಟೇ ದೊರೆಯಾಗಿದ್ದವರು ಇಮ್ಮಡಿ. ಎಲ್ಲರಿಗೂ ಮೊದಲು, 1714ರಿಂದ 1732ರವರೆಗೆ ಆಳಿದವರಿಗೆ ಮಾತ್ರ ಸಂಖ್ಯೆಯಿಲ್ಲ. ಅವರು ದೊಡ್ಡ ಕೃಷ್ಣರಾಜರು. ಎರಡನೆಯವರು ಬರುವ ತನಕ ಯಾರೂ ಮೊದಲನೆಯವರಾಗುವುದಿಲ್ಲವಲ್ಲ! ಹಳ್ಳಿಮನೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಎನ್ನುವ ರೂಢಿಯೇ ಅರಮನೆಗೂ ಸಾಕಾಯಿತು. ಅದೇ ವಂಶದ ದೊಡ್ಡ ದೇವರಾಜ, ಚಿಕ್ಕದೇವರಾಜರ ಕಥೆಯೂ ಇದೇ. ಚರಿತ್ರೆಯಲ್ಲಿ ದೊಡ್ಡವನಾದದ್ದು ‘ಚಿಕ್ಕ’ನೇ ಎಂಬುದು ಬೇರೆ ಮಾತು.

ಒಂದೇ ಹೆಸರು ಹೀಗೆ ಮತ್ತೆ ಮತ್ತೆ ಬರುವುದಕ್ಕೆ ಮುಖ್ಯ ಕಾರಣ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಬಾದಾಮಿಯ ಚಾಲುಕ್ಯರನ್ನೇ ನೋಡಿ: ಪುಲಕೇಶಿಯ ಮಗ ಕೀರ್ತಿವರ್ಮ, ಕೀರ್ತಿವರ್ಮನ ಮಗ ಮತ್ತೆ ಪುಲಕೇಶಿ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಅಪ್ಪನೂ ಸೋಮೇಶ್ವರ, ಮಗನೂ ಸೋಮೇಶ್ವರ. ಸಾಲದ್ದಕ್ಕೆ ಅವನು ಗಾದಿಯಿಂದ ಇಳಿಸಿದ ಅಣ್ಣನೂ ಸೋಮೇಶ್ವರನೇ. ಹೊಯ್ಸಳರಲ್ಲಿ ಇಮ್ಮಡಿ ಬಲ್ಲಾಳನ ಹಿಂದೊಬ್ಬ ನರಸಿಂಹ, ಮುಂದೊಬ್ಬ ನರಸಿಂಹ.

ಊರಮನೆಗಳಲ್ಲಿ ಈ ಪದ್ಧತಿ ಇನ್ನಷ್ಟು ಪೇಚಿಗಿಟ್ಟುಕೊಳ್ಳುತ್ತಿತ್ತು. ನಾಲ್ಕು ಜನ ಅಣ್ಣತಮ್ಮಂದಿರು ತಮ್ಮ ತಮ್ಮ ಹಿರೀಮಗನಿಗೆ ಅಪ್ಪನ ಹೆಸರಿಟ್ಟರೆ ಒಂದೇ ಜಗಲಿಯ ಮೇಲೆ ನಾಲ್ವರು ಬಸಪ್ಪಂದಿರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಹೆತ್ತ ಕೂಸನ್ನೇ ಅವಳು ‘ಅಜ್ಜಪ್ಪಾ’ ಎಂದು ಕರೆದಳು, ಎಷ್ಟೋ ಕಡೆ ಅದೇ ಹೆಸರಾಗಿ ನಿಂತಿತು. ಉಳಿದವರನ್ನು ಓಣಿಯೇ ವಿಂಗಡಿಸಿತು. ಒಬ್ಬ ಗಿರಣಿ ಬಸಪ್ಪ, ಇನ್ನೊಬ್ಬ ಮಿಲಿಟರಿ ಬಸಪ್ಪ, ಕೊನೆಯವನು ಮೀಸೆ ಬಂದ ಮೇಲೂ ಸಣ್ಣ ಬಸಪ್ಪ. ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಪಾಟೀಲ, ಕುಲಕರ್ಣಿಗಳ ಜೊತೆಗೆ ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿಗಳೂ ಸೇರಿರುವುದನ್ನು ನೋಡಿದರೆ ಆ ವಿಂಗಡಣೆಯ ರುಚಿ ತಿಳಿಯುತ್ತದೆ.

ರಾಜರಿಗೆ ಓಣಿ ಇರಲಿಲ್ಲ, ಬಿರುದು ಇತ್ತು. ತಾನು ಇಮ್ಮಡಿ ಎಂದು ಪುಲಕೇಶಿ ಎಲ್ಲೂ ಬರೆಸಿಕೊಳ್ಳಲಿಲ್ಲ. ಐಹೊಳೆ ಶಾಸನಕ್ಕೆ ಅವನು ಸತ್ಯಾಶ್ರಯ. ಅವನ ಹೆಸರಿನ ಹಿಂದಿನ ಸಂಖ್ಯೆ ಆಮೇಲಿನ ಇತಿಹಾಸಕಾರರದು. ಅವರ ಎಣಿಕೆಯಂತೂ ವಂಶದ ಗಡಿಯನ್ನೇ ದಾಟುತ್ತದೆ. ಕಲ್ಯಾಣದಲ್ಲಿ ಆಳಿದ ವಿಕ್ರಮಾದಿತ್ಯ ‘ಆರನೆಯವ’ ಆಗಬೇಕಾದರೆ ಬಾದಾಮಿಯಲ್ಲಿ ಮುನ್ನೂರು, ನಾನೂರು ವರ್ಷ ಹಿಂದೆ ಆಳಿದ ಇಬ್ಬರನ್ನೂ ಸೇರಿಸಿಕೊಳ್ಳಬೇಕು.

ಬಿರುದಾದರೂ ಕೆಲಸ ಮಾಡಿತೇ? ಅರ್ಧ ಮಾತ್ರ. ಸೋಮೇಶ್ವರರನ್ನು ಆಹವಮಲ್ಲ, ಭುವನೈಕಮಲ್ಲ, ಭೂಲೋಕಮಲ್ಲ ಎಂದು ಬೇರೆಬೇರೆಯಾಗಿ ಗುರುತಿಸಬಹುದು. ಆದರೆ ಬಿರುದೂ ತಾತನ ಹೆಸರಿನಂತೆಯೇ ಮರಳಿ ಬರುತ್ತಿತ್ತು, ಅದರ ಪೆಟ್ಟು ಬಿದ್ದದ್ದು ಸಾಹಿತ್ಯ ಚರಿತ್ರೆಗೆ.

1875ರಲ್ಲಿ ಕಿಟ್ಟೆಲ್ ಮಂಗಳೂರಿನಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಅಚ್ಚು ಹಾಕಿಸಿದರು. ಅದರ ಜೊತೆಗೆ ‘ಕರ್ಣಾಟಕ ಕಾದಂಬರಿ’, ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ ಎಲ್ಲದರ ಮೇಲೂ ಅದೇ ನಾಗವರ್ಮನ ಹೆಸರು. ಛಂದಸ್ಸು, ಕಾವ್ಯ, ಅಲಂಕಾರ, ವ್ಯಾಕರಣ ಎಲ್ಲವೂ ಒಬ್ಬನದೇ ಎಂದುಕೊಳ್ಳುವುದು ಸುಲಭವಿತ್ತು. ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಇಬ್ಬರನ್ನು ಬಿಡಿಸಿ ನಿಲ್ಲಿಸಿದರು: ಛಂದೋಂಬುಧಿ, ಕಾದಂಬರಿಗಳವನು 10ನೇ ಶತಮಾನದ ಕೊನೆಯವನು, ಕಾವ್ಯಾವಲೋಕನದವನು ಅವನಿಗಿಂತ ಈಚಿನವನು, ಜಗದೇಕಮಲ್ಲನೆಂಬ ಚಾಲುಕ್ಯ ದೊರೆಯ ಬಳಿ ಕಟಕೋಪಾಧ್ಯಾಯನಾಗಿದ್ದವನು. ಒಂದು ಗಂಟು ಬಿಚ್ಚಿತು, ಇನ್ನೊಂದು ಬಿತ್ತು. ಯಾವ ಜಗದೇಕಮಲ್ಲ? 11ನೇ ಶತಮಾನದ ಜಯಸಿಂಹನಿಗೆ ಆ ಬಿರುದಿತ್ತು, 12ನೇ ಶತಮಾನದಲ್ಲಿ ಇನ್ನೊಬ್ಬ ಅದೇ ಬಿರುದಿನಿಂದ ಆಳಿದ. ನರಸಿಂಹಾಚಾರ್ಯರು ಎರಡನೆಯವನ ಕಡೆ, ಈಚಿನ ಹಲವರು ಮೊದಲನೆಯವನ ಕಡೆ. ಹೀಗೆ ಒಂದು ಬಿರುದಿನ ದೆಸೆಯಿಂದ ಕನ್ನಡದ ವೈಯಾಕರಣನೊಬ್ಬ ನೂರು ವರ್ಷ ಅತ್ತಿಂದಿತ್ತ ಓಲಾಡುತ್ತಿದ್ದಾನೆ.

ಪಂಪನ ವಿಷಯದಲ್ಲಿ ಗೊಂದಲವನ್ನು ಬೇಕೆಂದೇ ತಂದುಕೊಂಡಂತಿದೆ. ನಾಗಚಂದ್ರ ತನ್ನನ್ನು ‘ಅಭಿನವ ಪಂಪ’ ಎಂದುಕೊಂಡ. ಅವನ ‘ರಾಮಚಂದ್ರಚರಿತಪುರಾಣ’ ಪಂಪರಾಮಾಯಣವಾಯಿತು. ಆದಿಕವಿಯ ‘ವಿಕ್ರಮಾರ್ಜುನ ವಿಜಯ’ ಮೊದಲೇ ಪಂಪಭಾರತ. ಎರಡೂ ಒಬ್ಬನೇ ಬರೆದದ್ದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡವರನ್ನು ಪೂರ್ತಿ ಬೈಯಲಾಗದು.

ಈ ತೊಡಕನ್ನು ಚೊಕ್ಕಟವಾಗಿ ಬಿಡಿಸಿದವರು 12ನೇ ಶತಮಾನದ ಶರಣರು. ಅವರು ಬಳಸಿದ್ದು ಬಿರುದನ್ನಲ್ಲ, ಕಾಯಕವನ್ನು. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದವನು ಆಯ್ದಕ್ಕಿ ಮಾರಯ್ಯ, ಕಟ್ಟಿಗೆ ಹೊರೆ ಮಾರಿದವನು ಮೋಳಿಗೆ ಮಾರಯ್ಯ, ಹಿಂದೆ ಗೋಡೆಗೆ ಕನ್ನ ಹಾಕುತ್ತಿದ್ದವನು ಕನ್ನದ ಮಾರಿತಂದೆ. ‘ದ’ಕಾರವನ್ನು ‘ಡ’ ಮಾಡಿ ಅವನನ್ನು ಭಾಷಾಭಿಮಾನಿ ಮಾಡಬಾರದು ಅಷ್ಟೆ. ಕಾಯಕದ ಜೊತೆ ಅಂಕಿತವೂ ಇತ್ತು. ಆಯ್ದಕ್ಕಿಯವನ ವಚನ ‘ಅಮರೇಶ್ವರಲಿಂಗ’ಕ್ಕೆ ಬಂದು ನಿಲ್ಲುತ್ತದೆ, ಮೋಳಿಗೆಯವನದು ‘ನಿಃಕಳಂಕ ಮಲ್ಲಿಕಾರ್ಜುನ’ಕ್ಕೆ. ಮೋಳಿಗೆಯ ಮಡದಿ ಮಹಾದೇವಿಯ ಅಂಕಿತ ಇನ್ನೂ ಸೊಗಸು: ಗಂಡನ ಅಂಕಿತಕ್ಕೆ ‘ಎನ್ನಯ್ಯಪ್ರಿಯ ಇಮ್ಮಡಿ’ ಎಂದು ಸೇರಿಸಿಕೊಂಡಳು. ಅರಮನೆಯ ಇಮ್ಮಡಿ ಕಟ್ಟಿಗೆ ಮಾರುವವನ ಗುಡಿಸಲಿನಲ್ಲೂ ಇತ್ತು. ಅಷ್ಟೆಲ್ಲ ಇದ್ದರೂ ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ವಾದ ಮುಗಿದಿಲ್ಲ.

ಹಳೇ ಮೈಸೂರಿನ ವಿದ್ಯಾವಂತರಿಗೆ ಕಾಯಕದ ಬದಲು ಇನಿಷಿಯಲ್ ಒದಗಿತು: ಮೊದಲ ಅಕ್ಷರ ಊರಿಗೆ, ಎರಡನೆಯದು ಅಪ್ಪನಿಗೆ. ಬೆಳ್ಳೂರು ಮೈಲಾರಯ್ಯನವರ ಮಗ ಶ್ರೀಕಂಠಯ್ಯ ಬಿಎಂಶ್ರೀ. ಅವರ ಶಿಷ್ಯ, ತೀರ್ಥಪುರದ ನಂಜುಂಡಯ್ಯನವರ ಮಗ ಶ್ರೀಕಂಠಯ್ಯ ತೀನಂಶ್ರೀ. ಗುರುವಿಗೆ ಇಂಗ್ಲಿಷ್ ಅಕ್ಷರ, ಶಿಷ್ಯನಿಗೆ ಕನ್ನಡದ್ದು. ಇಬ್ಬರನ್ನೂ ಪೂರ್ತಿ ಹೆಸರಿಡಿದು ಕರೆಯುವವರು ಇಂದು ಅಪರೂಪ. ನರಸಿಂಹಾಚಾರ್ಯರ ಗುಂಪಿಗೂ ಇದೇ ಉಪಾಯ. ಕವಿಚರಿತೆಯ ಆಚಾರ್ಯರು ಒಬ್ಬರಾದರೆ, ದೊಡ್ಡಬಳ್ಳಾಪುರದವರು ಡಿಎಲ್ಎನ್, ಮೇಲುಕೋಟೆಯವರು ಪುತಿನ. ಕೊನೆಯವರಲ್ಲಿ ಮಾತ್ರ ಲೆಕ್ಕ ತುಸು ತಪ್ಪುತ್ತದೆ. ಅವರ ‘ತಿ’ ತಿರುನಾರಾಯಣ ಅಯ್ಯಂಗಾರರು, ಸರಿ. ‘ಪು’ವಿನಲ್ಲಿ ಊರನ್ನು ಹುಡುಕಿದರೆ ಸಿಗುವುದಿಲ್ಲ. ಅದು ಪುರೋಹಿತ: ಮಾರಯ್ಯನ ಹೆಸರಿನ ಮುಂದೆ ಮೋಳಿಗೆ ಹೇಗೋ ಹಾಗೆ.