ಕೀಬೋರ್ಡ್ ಕೆಲಸ ಮಾಡ್ತಿಲ್ವಾ? ಹೊಸದು ಕೊಳ್ಳೋ ಮುಂಚೆ ಇಷ್ಟು ನೋಡಿ

ಮಂಠಾಳ: ಪಹಣಿ ತೆಗೆಸಲು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ತುಂಬಿಸಲು ಹಳ್ಳಿಗಳಿಂದ ಜನ ಬಂದು ಕೂತಿರ್ತಾರೆ. ಅದೇ ಹೊತ್ತಿಗೆ ಕೀಬೋರ್ಡ್ ಕೈಕೊಟ್ಟರೆ ಅಂಗಡಿಯವರ ಕೆಲಸವೂ ನಿಂತಿತು, ಬಂದವರ ಒಂದು ದಿನದ ಕೂಲಿಯೂ ಹೋಯಿತು. ಎಷ್ಟೋ ಸಲ ಕೆಟ್ಟಿರೋದು ಕೀಬೋರ್ಡ್ ಅಲ್ಲ, ಪಿನ್ನು ಅಥವಾ ಸೆಟ್ಟಿಂಗ್. ಬಸವಕಲ್ಯಾಣಕ್ಕೆ ಓಡುವ ಮೊದಲು ಈ ಕ್ರಮದಲ್ಲಿ ನೋಡಿ.

ದುಂಡು ಪಿನ್ನಿನ ಕೀಬೋರ್ಡ್
ಹಳೇ ಕಂಪ್ಯೂಟರ್ ಹಿಂದಿರುವ ನೇರಳೆ ಬಣ್ಣದ ದುಂಡು ಜಾಗವೇ ಪಿಎಸ್/2 ಪೋರ್ಟ್. 1987ರಲ್ಲಿ ಐಬಿಎಂ ತಂದ 6 ಪಿನ್ನಿನ ಜೋಡಣೆ ಇದು. ಹಸಿರು ಬಣ್ಣದ್ದು ಮೌಸ್‌ಗೆ. ಕಂಪ್ಯೂಟರ್ ಚಾಲೂ ಇದ್ದಾಗ ಇದನ್ನು ಹಚ್ಚಬೇಡಿ, ಮದರ್‌ಬೋರ್ಡ್‌ಗೆ ಪೆಟ್ಟಾಗಬಹುದು. ಬಂದ್ ಮಾಡಿ, ಪಿನ್ ಬಾಗಿದೆಯಾ ನೋಡಿ, ಹಚ್ಚಿ, ಆಮೇಲೆ ಚಾಲೂ ಮಾಡಿ.

ಸಣ್ಣ ಅಡಾಪ್ಟರ್
ಯುಎಸ್‌ಬಿ ಕೀಬೋರ್ಡ್ ಅನ್ನು ದುಂಡು ಪೋರ್ಟ್‌ಗೆ ಹಚ್ಚಲು ಸಿಗುವ ಸಣ್ಣ ಅಡಾಪ್ಟರ್ ಬರೀ ತಂತಿ ಕೂಡಿಸ್ತದೆ. ಎರಡೂ ಪದ್ಧತಿಗೆ ಹೊಂದುವ ಕೀಬೋರ್ಡ್ ಮಾತ್ರ ಅದರಲ್ಲಿ ನಡೀತದೆ. ಕೊಳ್ಳುವಾಗಲೇ ಕೇಳಿ.

ಚಾಲೂ ಆಗುವಾಗ ಮಾತ್ರ ನಡೆಯದಿದ್ದರೆ
ವಿಂಡೋಸ್ ಬಂದ ಮೇಲೆ ಯುಎಸ್‌ಬಿ ಕೀಬೋರ್ಡ್ ಸರಿಯಿದ್ದು, ಅದಕ್ಕೂ ಮುಂಚೆ ನಡೆಯದಿದ್ದರೆ ಬಯೋಸ್‌ನಲ್ಲಿ ‘ಯುಎಸ್‌ಬಿ ಲೆಗಸಿ ಸಪೋರ್ಟ್’ ಬಂದ್ ಆಗಿರಬಹುದು. ಯಾರದಾದರೂ ದುಂಡು ಪಿನ್ನಿನ ಕೀಬೋರ್ಡ್ ಇಸ್ಕೊಂಡು ಅದನ್ನು ಚಾಲೂ ಮಾಡಿ.

ಒತ್ತಿದ್ದೊಂದು, ಬಂದದ್ದೊಂದು
ಶಿಫ್ಟ್ ಜೊತೆ 2 ಒತ್ತಿದರೆ @ ಬದಲು ಉದ್ಧರಣ ಚಿಹ್ನೆ ಬಂದರೆ ಯುಕೆ ವಿನ್ಯಾಸ ಕೂತಿದೆ ಎಂದರ್ಥ; ಯುಎಸ್‌ಗೆ ಬದಲಿಸಿ. ನಮ್ಮ ಗಡಿ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಎಲ್ಲ ಹಾಕಿಕೊಂಡ ಕಂಪ್ಯೂಟರ್‌ಗಳುಂಟು. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗ್ತದೆ. ಪಾಸ್‌ವರ್ಡ್ ತಪ್ಪು ಎಂದು ಬಂದರೆ ಮೊದಲು ಭಾಷೆ ನೋಡಿ. ಕನ್ನಡದಲ್ಲಿ ‘ಎಂ’ ಕೀ ಒತ್ತಿ: ‘ಮ’ ಬಂದರೆ ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸ, ‘ಸ’ ಬಂದರೆ ಇನ್‌ಸ್ಕ್ರಿಪ್ಟ್.

ಅಂಕಿ ಬರದಿದ್ದರೆ, ನಿಧಾನವಾದರೆ
ಬಲಗಡೆಯ ಅಂಕಿಗಳು ಬರದಿದ್ದರೆ ನಮ್ ಲಾಕ್ ಒತ್ತಿ. ಪ್ರತಿ ಅಕ್ಷರ ತಡವಾಗಿ ಬಂದರೆ ಫಿಲ್ಟರ್ ಕೀಸ್ ಚಾಲೂ ಆಗಿರ್ತದೆ. ಬಲಗಡೆಯ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದರೆ ಬಂದ್ ಆಗ್ತದೆ.

ಚಹಾ ಚೆಲ್ಲಿದರೆ
ಕೂಡಲೇ ಕಂಪ್ಯೂಟರ್ ಬಂದ್ ಮಾಡಿ, ಕೀಬೋರ್ಡ್ ಬಿಚ್ಚಿ ಬೋರಲು ಹಾಕಿ. ಪೂರ್ತಿ ಒಣಗೋವರೆಗೆ ಹಚ್ಚಬೇಡಿ.

ಇಷ್ಟಾದರೂ ಆಗದಿದ್ದರೆ ಪಕ್ಕದ ಅಂಗಡಿಯ ಕಂಪ್ಯೂಟರ್‌ಗೆ ಹಚ್ಚಿ ನೋಡಿ. ಅಲ್ಲೂ ನಡೆಯದಿದ್ದರೆ ಮಾತ್ರ ಹೊಸದು ತಗೊಳ್ಳಿ. ಅಲ್ಲೀವರೆಗೆ ಬಂದವರನ್ನು ವಾಪಸ್ ಕಳಿಸಬೇಕಿಲ್ಲ: ಸ್ಟಾರ್ಟ್ ಮೆನುವಿನಲ್ಲಿ ‘ಆನ್-ಸ್ಕ್ರೀನ್ ಕೀಬೋರ್ಡ್’ ತೆಗೆದು ಮೌಸ್‌ನಿಂದಲೇ ಅರ್ಜಿ ತುಂಬಬಹುದು.