ಮೂಳೆ ಸುಟ್ಟಿತು, ಹೆಸರು ಉಳಿಯಿತು

ಡೈನೋಸಾರ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಸಿನಿಮಾದಲ್ಲಿ ನೋಡಿದ ಮನೆಯೆತ್ತರದ ಪ್ರಾಣಿ. ಆದರೆ ಮೂತಿಯಿಂದ ಬಾಲದ ತುದಿವರೆಗೆ ಒಂದು ಮೀಟರ್ ಆಸುಪಾಸು ಉದ್ದದ ಡೈನೋಸಾರ್‌ಗಳೂ ಇದ್ದವು. ಅಂಥದ್ದೊಂದರ ಹೆಸರು ಪೊಡೊಕೆಸಾರಸ್. 17 ಕೋಟಿ ವರ್ಷಕ್ಕೂ ಹಿಂದೆ, ಹಿಂಗಾಲುಗಳ ಮೇಲೆ ಓಡುತ್ತಾ ಬೇಟೆಯಾಡುತ್ತಿದ್ದ ಮಾಂಸಾಹಾರಿ. ಅದಕ್ಕೆ ಹೆಸರಿಟ್ಟವರು ಒಬ್ಬ ಕಾಲೇಜು ಮೇಡಂ.

1910ನೇ ಇಸವಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ ಮಿನ್ಯಾನ್ ಟಾಲ್ಬಟ್ ಭೂವಿಜ್ಞಾನ ಕಲಿಸುತ್ತಿದ್ದರು. ಒಂದು ದಿನ ಅಕ್ಕ ಎಲೆನ್ ಜೊತೆ ಕಾಲೇಜಿನ ಹತ್ತಿರದ ಹೊಲವೊಂದರ ಕಡೆ ನಡೆದು ಹೋಗುತ್ತಿದ್ದರು. ಗರಸು ತೆಗೆದ ಗುಂಡಿಯಲ್ಲಿ ಬಿದ್ದಿದ್ದ ಮರಳುಗಲ್ಲಿನ ಮೇಲೆ ಬಿಳಿ ಗೆರೆ ಕಂಡಿತು. ಪಿಕಾಸಿ ತಾಗಿದ ಗುರುತಿರಬೇಕು ಅಂದುಕೊಂಡರು. ಬಗ್ಗಿ ನೋಡಿದರೆ ಮೂಳೆ!

ಆ ಕಲ್ಲು ಅಲ್ಲೇ ಹುಟ್ಟಿದ್ದೂ ಅಲ್ಲ. ಹಿಂದೆಂದೋ ಹಿಮನದಿ ಎಲ್ಲಿಂದಲೋ ಹೊತ್ತು ತಂದು ಹಾಕಿದ್ದು. ತಲೆಯ ಭಾಗ ಹೆಚ್ಚುಕಡಿಮೆ ಇರಲೇ ಇಲ್ಲ. ಬೆನ್ನುಮೂಳೆ, ಕಾಲು, ಬಾಲದ ಒಂದಷ್ಟು ಭಾಗ ಉಳಿದಿತ್ತು.

ಯೇಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ವಾನ್ ಲಲ್ ಎಂಬ ಡೈನೋಸಾರ್ ಪಂಡಿತರಿದ್ದರು. ಅದನ್ನು ವಿವರಿಸಿ ನೀವೇ ಬರೆಯಿರಿ ಎಂದು ಟಾಲ್ಬಟ್ ಅವರನ್ನು ಹುರಿದುಂಬಿಸಿದರು. ಹೊಸ ಪ್ರಾಣಿಗೆ ಹೆಸರಿಡುವುದು ತೊಟ್ಟಿಲಲ್ಲಿ ಕೂಸಿಗೆ ಹೆಸರು ಕೂಗಿದಂತಲ್ಲ. ಯಾವ ಮೂಳೆ ಹೇಗಿದೆ, ಬೇರೆ ಪ್ರಾಣಿಗಿಂತ ಇದು ಹೇಗೆ ಬೇರೆ ಎಂದು ಬರೆದು ಅಚ್ಚು ಹಾಕಿಸಬೇಕು. ಆ ಹೆಸರಿಗೆ ಇಂಥದ್ದೇ ಆಧಾರ ಎಂದು ಒಂದು ಮಾದರಿಯನ್ನು ತೋರಿಸಬೇಕು. ಟಾಲ್ಬಟ್ 1911ರಲ್ಲಿ ಆ ಕೆಲಸ ಮುಗಿಸಿದರು. ಹೆಸರು, ಪೊಡೊಕೆಸಾರಸ್ ಹೋಲಿಯೋಕೆನ್ಸಿಸ್. ಗ್ರೀಕ್ ಭಾಷೆಯಲ್ಲಿ 'ಪೊಡೊಕೆಸ್' ಅಂದರೆ ವೇಗದ ಕಾಲಿನ, 'ಸಾರಸ್' ಅಂದರೆ ಹಲ್ಲಿ. ಒಟ್ಟಿಗೆ ಓದಿದರೆ 'ಹೋಲಿಯೋಕ್‌ನ ವೇಗದ ಕಾಲಿನ ಹಲ್ಲಿ'. ಡೈನೋಸಾರ್‌ಗೆ ವೈಜ್ಞಾನಿಕ ಹೆಸರಿಟ್ಟ ಮೊದಲ ಮಹಿಳೆ ಅವರೇ.

1917ರಲ್ಲಿ ಕಾಲೇಜಿನ ವಿಲಿಸ್ಟನ್ ಹಾಲ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮೂಳೆಗಳು ಅದರೊಳಗಿದ್ದವು. ಕೋಟ್ಯಂತರ ವರ್ಷ ಕಲ್ಲಿನಲ್ಲಿ ಉಳಿದದ್ದು ಕಟ್ಟಡದಲ್ಲಿ ಕೆಲವೇ ವರ್ಷ ಉಳಿಯಿತು.

ಪುಣ್ಯಕ್ಕೆ, ಅಷ್ಟರಲ್ಲಿ ಅದರ ಅಚ್ಚುಗಳನ್ನು ತೆಗೆದಾಗಿತ್ತು. ಒಂದು ಯೇಲ್‌ನ ಪೀಬಡಿ ಮ್ಯೂಸಿಯಂನಲ್ಲಿ, ಇನ್ನೊಂದು ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲಿ ಉಳಿಯಿತು. ಮುಂದೆ ಯಾರೇ ಪೊಡೊಕೆಸಾರಸ್ ಬಗ್ಗೆ ಮಾತಾಡಿದರೂ ಕೈಯಲ್ಲಿದ್ದದ್ದು ಆ ಅಚ್ಚು, ಟಾಲ್ಬಟ್ ಬರೆದ ಬರಹ, ಅಷ್ಟೇ.

ಮೂಲವಿಲ್ಲದ ಮೇಲೆ ತಕರಾರು ಏಳದೆ ಇರುತ್ತದೆಯೇ? 1964ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ವಿಜ್ಞಾನಿ, ಇದು ಬೇರೆ ಜಾತಿಯಲ್ಲ, ನ್ಯೂ ಮೆಕ್ಸಿಕೊದಲ್ಲಿ ರಾಶಿ ರಾಶಿ ಸಿಕ್ಕಿರುವ ಸೀಲೋಫೈಸಿಸ್ ಬಳಗದ್ದೇ ಎಂದು ಹೆಸರು ಬದಲಿಸಿದರು. ಆಗಲೂ 'ಹೋಲಿಯೋಕೆನ್ಸಿಸ್' ಎಂಬ ಊರಿನ ಗುರುತು ಅಳಿಯಲಿಲ್ಲ. ಮುಂದೆ ಬಂದವರು, ಇಷ್ಟು ಹೋಲಿಕೆ ಆ ಕಾಲದ ಬೇರೆ ಬೇಟೆಗಾರ ಡೈನೋಸಾರ್‌ಗಳಲ್ಲೂ ಇದೆ, ಎರಡನ್ನೂ ಒಂದು ಮಾಡಲು ಇದು ಸಾಲದು ಎಂದರು. ಹೀಗೆ ಟಾಲ್ಬಟ್ ಕೊಟ್ಟ ಹೆಸರೇ ಮತ್ತೆ ಬಳಕೆಗೆ ಬಂತು. 2022ರಲ್ಲಿ ಮ್ಯಾಸಚೂಸೆಟ್ಸ್ ಪೊಡೊಕೆಸಾರಸ್ಸನ್ನೇ ರಾಜ್ಯದ ಡೈನೋಸಾರ್ ಎಂದು ಕಾನೂನಿನಲ್ಲೇ ಸೇರಿಸಿತು.

ವರದಿಗೆ ಹೋದ ಊರಲ್ಲಿ ಹಳೇ ದಾಖಲೆಯೋ, ಅಕ್ಷರವಿರುವ ಕಲ್ಲೋ ಕಂಡರೆ ನಾವು ಮೊದಲು ಫೋಟೊ ತೆಗೆದು, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಬರೆದಿಟ್ಟುಕೊಳ್ಳುತ್ತೇವೆ. ಆಮೇಲೆ ಉಳಿದ ಮಾತು. ನಿಮ್ಮ ಕೈಯಲ್ಲೂ ಫೋನ್ ಇದೆ. ಗರಸು ಗುಂಡಿಯ ಪಕ್ಕ ಹೋಗುವಾಗ ಒಮ್ಮೆ ಬಗ್ಗಿ ನೋಡಿ.