ಅಗುಳಿ, ಬೀಗ, ಚಾವಿ: ಹಣಕೋಣದ ಸೀಮೆಯ ದ್ವಾರರಕ್ಷಣೆ

ಉತ್ತರಕನ್ನಡ ಜಿಲ್ಲೆಯ ಕಾರವಾರ ತಾಲೂಕಿಗೆ ಸೇರಿದ ಹಣಕೋಣ ಗ್ರಾಮದಲ್ಲಿ ಶ್ರೀ ಸಾತೇರೀ ದೇವಿಯ ಆಲಯವುಂಟು. ಗೋವೆ-ಕೊಂಕಣ ಪ್ರಾಂತಗಳಲ್ಲಿ ಹುತ್ತದ ರೂಪದಿಂದ ಪೂಜಿತಳಾಗುವ ಭೂದೇವತೆಯೇ ಸಾತೇರಿ. ಭಾದ್ರಪದದ ಚೌತಿಯು ಕಳೆದ ಮೇಲೆ ನಡೆಯುವ ಜಾತ್ರೆಯಲ್ಲಿ, ಸಂವತ್ಸರಕ್ಕೆ 7 ದಿನಗಳು ಮಾತ್ರ ಈ ಆಲಯದ ಬಾಗಿಲು ತೆರೆದು ದರ್ಶನವಾಗುವುದು. ಮಿಕ್ಕ ದಿನಗಳಲ್ಲಿ ಅದು ಮುಚ್ಚಿರುವುದು. ಮುಚ್ಚುವುದನ್ನೂ ತೆರೆಯುವಷ್ಟೇ ಗೌರವದಿಂದ ಕಾಣುವ ಇಂತಹ ಸೀಮೆಯಲ್ಲಿ ಕದವನ್ನು ಭದ್ರಪಡಿಸುವ ಸಾಧನಗಳ ಚರಿತ್ರೆಯನ್ನು ವಿಚಾರಿಸುವುದು ಉಚಿತವಾಗಿದೆ.

ಕದಕ್ಕೆ ಕಪಾಟ, ಅರರಗಳೆಂದೂ ಅದನ್ನು ತಡೆಯುವ ದಂಡಕ್ಕೆ ಅರ್ಗಲವೆಂದೂ ಅಮರಸಿಂಹನು ಹೆಸರಿಸಿರುವನು. ಕನ್ನಡದ ಅಗುಳಿಯೂ ಇದೇ ಕೆಲಸದ್ದು. ಇದನ್ನು ಹಾಕುವುದಕ್ಕೆ ಒಳಗೆ ಒಬ್ಬರು ಇರಲೇಬೇಕು. ಒಳಗೆ ಯಾರೂ ಇಲ್ಲದಾಗ ಹೊರಗಿನಿಂದ ಭದ್ರಪಡಿಸುವ ಸಾಧನವೇ ಬೀಗ. ತುಳು ತೆಲುಗುಗಳಲ್ಲಿಯೂ ಈ ಶಬ್ದವೇ ಇರುವುದರಿಂದ ಇದು ದೇಶ್ಯವೆಂದು ತಿಳಿಯಬಹುದು. ಆದರೆ ಕಾರವಾರದ ಕಡೆಯ ಕೊಂಕಣಿ, ಮರಾಠಿ ಮತ್ತು ಉತ್ತರದ ಕನ್ನಡದಲ್ಲಿ ಬಳಕೆಯಲ್ಲಿರುವ ಚಾವಿ ಎಂಬುದು ಪೋರ್ತುಗೀಜ ಭಾಷೆಯಿಂದ ಬಂದುದು. ಪೋರ್ತುಗೀಜರು ಗೋವೆಯನ್ನು ಹಿಡಿದುದು 1510ರಲ್ಲಿ. ಈ ಶಬ್ದವು ಬಂದ ಮಾತ್ರಕ್ಕೆ ಅದಕ್ಕೆ ಮೊದಲು ಇಲ್ಲಿ ಬೀಗವೇ ಇರಲಿಲ್ಲವೆಂದು ಹೇಳಲಾಗದು.

ಪ್ರಾಚೀನರಿಗೂ ಈ ಚಿಂತೆಯಿದ್ದಿತು. ಮೈಸೂರಿನ ರುದ್ರಪಟ್ಣಂ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಿಧಿಯಿಡುವ ಭೂಗೃಹಕ್ಕೆ ಒಂದೇ ದ್ವಾರವೂ ಯಂತ್ರಯುಕ್ತವಾದ ಸೋಪಾನವೂ ಇರಬೇಕೆಂದೂ, ದೇವತಾಪ್ರತಿಮೆಯಿಂದ ಅದನ್ನು ಮರೆಮಾಡಬೇಕೆಂದೂ ವಿಧಿಯುಂಟು. ಯಂತ್ರವೊಂದನ್ನೇ ನಂಬದೆ ದೈವಭಯವನ್ನೂ ಅದರೊಡನೆ ಕೂಡಿಸಿದುದು ಗಮನಾರ್ಹ.

ಆಧುನಿಕ ಸನ್ನೆಬೀಗವು ಇಂಗ್ಲೆಂಡಿನಲ್ಲಿ ಹುಟ್ಟಿತು. ಅದಕ್ಕೆ ಮೊದಲಿನ ಬೀಗಗಳಲ್ಲಿ ಕೈ ತಿರುಗುವ ದಾರಿಯಲ್ಲಿ ಅಲುಗಾಡದ ತಡೆಗಳನ್ನು ಇಡುತ್ತಿದ್ದರು. ಸವೆಸಿದ ಸಣ್ಣ ಕೈಯೊಂದು ಅವನ್ನು ತಪ್ಪಿಸಿಕೊಂಡು ಹೋಗಬಹುದಾಗಿತ್ತು. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬವನು ಬೇರೆ ಉಪಾಯವನ್ನು ತಂದನು. ಬೀಗದ ನಾಲಗೆಗೆ ಒಂದು ಮೊಳೆಯುಂಟು. ಕಮಾನಿನಿಂದ ಅದುಮಲ್ಪಟ್ಟ ಸನ್ನೆಗಳು ಆ ಮೊಳೆಯನ್ನು ತಡೆದಿರುವುವು. ಕೈಯ ಹಲ್ಲುಗಳು ಪ್ರತಿಯೊಂದು ಸನ್ನೆಯನ್ನೂ ಅದಕ್ಕೆ ನಿಯತವಾದ ಎತ್ತರಕ್ಕೆ ಎತ್ತಿದಾಗ ಕಿಂಡಿಗಳೆಲ್ಲ ಒಂದೇ ಸಾಲಿಗೆ ಬಂದು, ಮೊಳೆಯು ಅವುಗಳೊಳಗೆ ಸರಿದು, ನಾಲಗೆ ಚಲಿಸುವುದು. ನ್ಯೂನವಾದರೂ ಅತಿರೇಕವಾದರೂ ಬೀಗ ತೆರೆಯದು. ಇಂತಹ ಬೀಗವನ್ನು ಕದದ ದಪ್ಪದಲ್ಲಿ ಗುಳಿ ತೋಡಿ ಕೂರಿಸಿದರೆ ಹೊರಗೆ ರಂಧ್ರವೊಂದೇ ಕಾಣುವುದು.

ಕೈಗಳ ಭೇದಸಂಖ್ಯೆಯು ಛಂದಃಶಾಸ್ತ್ರದ ಪ್ರಸ್ತಾರವನ್ನು ಬಲ್ಲವರಿಗೆ ಸುಲಭವೇದ್ಯ. ಲಘು ಗುರುಗಳೆರಡರಿಂದ 6 ಅಕ್ಷರಗಳ ಪಾದಕ್ಕೆ 64 ಭೇದಗಳಾಗುವಂತೆ, 5 ಸನ್ನೆಗಳಿಗೆ ಏಳೇಳು ಎತ್ತರಗಳನ್ನು ಕಲ್ಪಿಸಿದರೆ 16,807 ಭೇದಗಳಾಗುವುವು. ಅತಿ ಸಮವಾದ ಹಲ್ಲುಗಳನ್ನೂ ಅತಿ ವಿಷಮವಾದವನ್ನೂ ಬಿಡಬೇಕಾದುದರಿಂದ ವ್ಯವಹಾರದಲ್ಲಿ ಈ ಸಂಖ್ಯೆಯು ತಗ್ಗುವುದು.

1818ರಲ್ಲಿ ಜೆರೆಮಿಯಾ ಚಬ್ ಎಂಬವನು, ಯಾರಾದರೂ ಸನ್ನೆಯನ್ನು ಅತಿಯಾಗಿ ಎತ್ತಿದರೆ ಅಲ್ಲಿಯೇ ಸಿಕ್ಕಿಕೊಂಡು ಯಜಮಾನನಿಗೆ ಸೂಚನೆ ಕೊಡುವ ಬೀಗವನ್ನು ರಚಿಸಿದನು. ಇದು ಅಭೇದ್ಯವೆಂಬ ಪ್ರತೀತಿ ಬೆಳೆಯಿತು. ಆದರೆ 1851ರ ಲಂಡನ್ ಮಹಾಪ್ರದರ್ಶನದ ಕಾಲದಲ್ಲಿ ಅಮೇರಿಕದ ಹಾಬ್ಸ್ ಎಂಬವನು ಅದನ್ನು ಸುಮಾರು 25 ನಿಮಿಷಗಳಲ್ಲಿ ತೆರೆದು ತೋರಿಸಿದನು. ನಾಲಗೆಯನ್ನು ಮೆಲ್ಲನೆ ಒತ್ತಿ ಹಿಡಿದು, ಯಾವ ಸನ್ನೆ ಬಿಗಿಯುವುದೆಂದು ಬೆರಳಿನಿಂದಲೇ ಅರಿಯುವುದು ಇಲ್ಲಿನ ಉಪಾಯ. ಬಳಿಕ ಶಿಲ್ಪಿಗಳು ಸನ್ನೆಗಳಲ್ಲಿ ಹುಸಿಕಿಂಡಿಗಳನ್ನು ಕೊರೆದು ಇದಕ್ಕೆ ಪ್ರತೀಕಾರ ಮಾಡಿದರು.

ಇದರಿಂದ ನಿಷ್ಪನ್ನವಾಗುವ ಅರ್ಥವೇನೆಂದರೆ: ಬೀಗವು ಕೈಯ ಆಕಾರವನ್ನು ಪರೀಕ್ಷಿಸಬಲ್ಲದು, ಹಿಡಿದವನ ಅಧಿಕಾರವನ್ನು ಪರೀಕ್ಷಿಸಲಾರದು. ಅದನ್ನು ಪರೀಕ್ಷಿಸುವುದು ಸಮಾಜವೇ. ಹಣಕೋಣದ ಬಾಗಿಲು ಮುಚ್ಚಿರುವುದು ಕಬ್ಬಿಣದ ಬಲವೊಂದರಿಂದಲ್ಲ. ತೆರೆಯತಕ್ಕ ಕಾಲ ಇಂತಹುದೇ ಎಂಬ ವಿಷಯದಲ್ಲಿ ಊರಿನವರಿಗಿರುವ ಐಕಮತ್ಯದಿಂದ. ತೆರೆಯುವ ಸಾಧನಕ್ಕೆ ಕನ್ನಡಿಗರು ಬೀಗದ ಕೈ ಎಂಬ ಹೆಸರಿಟ್ಟುದು ಸಾರ್ಥಕವಾಗಿದೆ. ಹಳೆಯ ಮನೆಗಳು ಕೆಡವಲ್ಪಡುವಾಗ ಮರದ ಅಗುಳಿಗಳೂ ಕಮ್ಮಾರರು ಬಡಿದ ಬೀಗಗಳೂ ಗುಜರಿಗೆ ಸೇರುತ್ತಿವೆ. ಅವುಗಳ ಅಳತೆ, ರಚನೆ, ಸ್ಥಳೀಯ ನಾಮಗಳನ್ನು ಬರೆದಿಡದಿದ್ದರೆ, ಶಾಸನಗಳು ಹೇಳದೆ ಬಿಟ್ಟ ಗೃಹಜೀವನದ ಒಂದು ಪ್ರಮಾಣವೇ ಲುಪ್ತವಾಗುವುದು.